ದಿನಸಿ ಅಂಗಡಿಯೊಳಗೆ ಮೀನಿನ ವಿಭಾಗ: ಕೊಡಗಿನ ಮಳೆಗೆ ಹೊಂದುವಂತೆ ಕಟ್ಟುವ ಬಗೆ

ಗೋಣಿಕೊಪ್ಪ, ವಿರಾಜಪೇಟೆ, ಮಡಿಕೇರಿ, ಕುಶಾಲನಗರಗಳಲ್ಲಿ ಹಳೆಯ ದಿನಸಿ ಅಂಗಡಿಗಳು ಒಂದೊಂದಾಗಿ ಸೂಪರ್‌ಮಾರ್ಕೆಟ್‌ಗಳಾಗುತ್ತಿವೆ. ಚೀಟಿ ನೋಡಿ ಸಾಮಾನು ಕಟ್ಟಿಕೊಡುತ್ತಿದ್ದ ಕಟ್ಟೆ ಹೋಗಿ, ಗಿರಾಕಿಯೇ ಬುಟ್ಟಿ ಹಿಡಿದು ಕಪಾಟುಗಳ ನಡುವೆ ನಡೆಯುವ ವ್ಯವಸ್ಥೆ ಬಂದಿದೆ. ಹೀಗೆ ಅಂಗಡಿಯನ್ನು ಒಡೆದು ಕಟ್ಟುವಾಗ, ಒಂದು ಮೂಲೆಯಲ್ಲಿ ಮೀನನ್ನೂ ಇಟ್ಟರೆ ಹೇಗೆ ಎಂಬ ಆಲೋಚನೆ ಹಲವರಿಗೆ ಬರುತ್ತದೆ. ಭಾನುವಾರ ಬೆಳಿಗ್ಗೆ ಮೀನಂಗಡಿಯ ಮುಂದೆ ನಿಲ್ಲುವ ಸಾಲನ್ನು ನೋಡಿದವರಿಗೆ ಹಾಗನ್ನಿಸುವುದು ಸಹಜವೇ. ಆದರೆ ಮೀನಿನ ವಿಭಾಗ ದಿನವಿಡೀ ನೀರು ಹರಿಯುವ ಜಾಗ. ಅಕ್ಕಿ, ಸಕ್ಕರೆ, ಬಿಸ್ಕತ್ತುಗಳಿರುವ ಒಣ ಅಂಗಡಿಯೊಳಗೆ ಅದನ್ನು ಕೂರಿಸುವುದಕ್ಕೆ ಬೇರೆಯೇ ಲೆಕ್ಕಾಚಾರ ಬೇಕು. ನಮ್ಮ ಅಂಗಡಿಯಲ್ಲಿ ಅದನ್ನು ಒಮ್ಮೆ ತಪ್ಪಾಗಿ, ಇನ್ನೊಮ್ಮೆ ಸರಿಯಾಗಿ ಕಟ್ಟಿಸಿದ ಅನುಭವದಿಂದ ಈ ಮಾರ್ಗದರ್ಶಿಯನ್ನು ಬರೆಯುತ್ತಿದ್ದೇನೆ. ಮೊದಲು ಮೋರಿ, ಆಮೇಲೆ ಐಸ್, ಅನಂತರ ಬೆಳಕು, ಕಟ್ಟಕಡೆಗೆ ಅಲಂಕಾರ ಎಂಬ ಕ್ರಮವನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ.

ಮೊದಲ ಸಲ ನಾವು ಈ ಕ್ರಮವನ್ನು ತಲೆಕೆಳಗು ಮಾಡಿದ್ದೆವು. ದೊಡ್ಡ ಊರುಗಳ ಅಂಗಡಿಗಳ ಚಿತ್ರಗಳನ್ನು ಮೊಬೈಲಿನಲ್ಲಿ ನೋಡಿ ಕಪ್ಪು ಹೊಳಪಿನ ಟೈಲ್ಸ್ ಆರಿಸಿದೆವು, ಗೋಡೆಗೆ ಮರದ ಪಟ್ಟಿ ಹೊಡೆಸಿದೆವು, ಮೇಲೆ ತೂಗುದೀಪ ಹಾಕಿಸಿದೆವು. ಕೆಲಸ ವಹಿಸಿಕೊಂಡ ಗುತ್ತಿಗೆದಾರರು ಇಡೀ ಅಂಗಡಿಗೆ ಹಾಕಿದ ಸಮಮಟ್ಟದ ನೆಲವನ್ನೇ ಮೀನಿನ ಮೂಲೆಗೂ ಮುಂದುವರಿಸಿದರು. ಅಲ್ಲಿಗೆ ವಾಟ ಕೊಡಿ ಎಂದು ಕೇಳುವಷ್ಟು ತಿಳಿವಳಿಕೆ ನಮಗೂ ಇರಲಿಲ್ಲ. ಕರಗಿದ ಐಸಿನ ನೀರು ಮೋರಿಯ ಬಾಯಿಗೆ ಹೋಗದೆ ಬೇಳೆಯ ಕಪಾಟಿನ ಕಾಲಿನ ಬಳಿ ನಿಲ್ಲತೊಡಗಿತು. ಆಗಸ್ಟಿನ ಮಳೆಯಲ್ಲಿ ಹದಿನೈದು ದಿನಗಳೊಳಗೆ ಮರದ ಪಟ್ಟಿಯ ಹಿಂದೆ ಬೂಷ್ಟು ಹಿಡಿಯಿತು, ನೆಲ ಒಂದು ದಿನವೂ ಒಣಗಲಿಲ್ಲ, ತೊಗರಿಬೇಳೆ ಕೊಂಡವರೊಬ್ಬರು ಪೊಟ್ಟಣಕ್ಕೆ ಮೀನಿನ ವಾಸನೆಯಿದೆಯೆಂದು ವಾಪಸು ತಂದುಕೊಟ್ಟರು. ಟೈಲ್ಸ್ ಒಡೆದು ಮತ್ತೆ ಹಾಕಿಸಿದ ಖರ್ಚು ಮೊದಲಿನ ಖರ್ಚನ್ನೂ ಮೀರಿತು.

ಜಾಗದ ಆಯ್ಕೆಯಿಂದ ಆರಂಭಿಸೋಣ. ಗಿರಾಕಿಯೇ ಸಾಮಾನು ಆರಿಸಿಕೊಳ್ಳುವ ಅಂಗಡಿಯನ್ನು ಕ್ಲಾರೆನ್ಸ್ ಸಾಂಡರ್ಸ್ 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಪಿಗ್ಲಿ ವಿಗ್ಲಿ ಎಂಬ ಹೆಸರಿನಲ್ಲಿ ತೆರೆದರು. 1930ರಲ್ಲಿ ನ್ಯೂಯಾರ್ಕಿನಲ್ಲಿ ಮೈಕೆಲ್ ಕಲನ್ ಆರಂಭಿಸಿದ ಕಿಂಗ್ ಕಲನ್ ಅದನ್ನು ಇನ್ನೂ ದೊಡ್ಡ ಪ್ರಮಾಣಕ್ಕೆ ಒಯ್ದಿತು. ಒಣ ಸಾಮಾನು ನಡುವಿನ ಸಾಲುಗಳಲ್ಲಿ, ತರಕಾರಿ, ಹಾಲು, ಮಾಂಸ, ಮೀನು ಗೋಡೆಯ ಸುತ್ತ ಎಂಬ ವಿನ್ಯಾಸ ಈ ಪರಂಪರೆಯಲ್ಲೇ ಬೆಳೆದು ಬಂದಿದೆ. ಅದಕ್ಕೆ ಸರಳ ಕಾರಣವಿದೆ: ನೀರಿನ ಕೊಳವೆ, ಮೋರಿ, ಶೀತಲಯಂತ್ರದ ಸಂಪರ್ಕ, ಸರಕು ಇಳಿಸುವ ಹಿಂಬಾಗಿಲು ಎಲ್ಲವೂ ಗೋಡೆಯ ಬದಿಗೇ ಇರುತ್ತವೆ. ಅಮೆರಿಕದ ಅಂಗಡಿಗಳಲ್ಲಿ 1980ರ ದಶಕದಲ್ಲಿ ಐಸಿನ ಮೇಲೆ ಮೀನು ಹರಡಿ, ಕೇಳಿದಂತೆ ಕತ್ತರಿಸಿಕೊಡುವ ಕಟ್ಟೆಗಳು ಹೆಚ್ಚಿದವು. ಈಚೆಗೆ ಹಲವು ಕಡೆ ಸಂಬಳದ ಖರ್ಚು ತಗ್ಗಿಸುವುದಕ್ಕಾಗಿ ಆ ಕಟ್ಟೆಗಳನ್ನು ತೆಗೆದು, ಮೊದಲೇ ಕತ್ತರಿಸಿದ ಪೊಟ್ಟಣಗಳ ಪೆಟ್ಟಿಗೆಗಳನ್ನು ಇಡುತ್ತಿದ್ದಾರೆ. ಮೊದಲನೆಯ ಬದಲಾವಣೆಯಿಂದ ನಾವು ಕಲಿಯುವುದು ಬಹಳ ಇದೆ. ಎರಡನೆಯದು ನಮ್ಮ ಊರಿಗೆ ಹೊಂದುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಹಾಗಾಗಿ ಅಂಗಡಿಯ ಹಿಂಗೋಡೆಯ ಮೂಲೆಯನ್ನೇ ಆರಿಸಿಕೊಳ್ಳಿ, ಮತ್ತು ಸಾಧ್ಯವಿದ್ದಲ್ಲಿ ಆ ಮೂಲೆಗೆ ಒಂದು ಪಕ್ಕದ ಬಾಗಿಲು ಕೊಡಿ. ಬೆಳಗಿನ ಜಾವ ಥರ್ಮಾಕೋಲ್ ಪೆಟ್ಟಿಗೆಗಳು ಅಕ್ಕಿ ಮೂಟೆಗಳ ನಡುವೆ ನೀರು ಸುರಿಸುತ್ತ ಬರಬಾರದು. ಮೀನು ತಿನ್ನದ ಗಿರಾಕಿಗಳು ಆ ಕಡೆ ಸುಳಿಯದೆಯೇ ತಮ್ಮ ವ್ಯಾಪಾರ ಮುಗಿಸಿ ಹೋಗುವಂತಿರಬೇಕು. ಕಾವೇರಿ ಸಂಕ್ರಮಣದಂತಹ ದಿನಗಳಲ್ಲಿ ವಿಭಾಗವನ್ನು ಪೂರ್ತಿ ಮುಚ್ಚಿಟ್ಟು ಅಂಗಡಿ ನಡೆಸುವಂತೆಯೂ ಇರಬೇಕು. ನೆಲದಿಂದ ಸೂರಿನವರೆಗೆ ಗಾಜಿನ ಅಡ್ಡಗೋಡೆ, ಅದಕ್ಕೊಂದು ಜಾರುಬಾಗಿಲು, ಮೀನಿನ ಬದಿಯಲ್ಲಿ ಹೊರಕ್ಕೆ ಗಾಳಿ ಎಳೆಯುವ ಫ್ಯಾನು ಇದ್ದರೆ ಈ ಎರಡೂ ಅನುಕೂಲಗಳು ಸಿಗುತ್ತವೆ. ಫ್ಯಾನು ಗಾಳಿಯನ್ನು ಹೊರಕ್ಕೇ ಎಳೆಯಬೇಕು, ಅಂಗಡಿಯಿಂದ ಮೀನಿನ ಕೋಣೆಯ ಕಡೆಗೆ ಗಾಳಿ ಸಾಗಬೇಕು. ಇದು ಹಿಂದುಮುಂದಾದರೆ ಗಾಜು ಹಾಕಿಸಿದ್ದೂ ವ್ಯರ್ಥ.

ನೆಲದ ವಿಷಯದಲ್ಲಿ ಮೇಸ್ತ್ರಿಯ ಪಕ್ಕದಲ್ಲೇ ನಿಂತು ಕೆಲಸ ಮಾಡಿಸಿ. ಒಂದು ಮೀಟರಿಗೆ ಕನಿಷ್ಠ 2 ಸೆಂಟಿಮೀಟರ್ ವಾಟ ಇರಲಿ. ವಿಭಾಗದ ನೆಲ ಉಳಿದ ಅಂಗಡಿಗಿಂತ ಅಂಗುಲದಷ್ಟು ತಗ್ಗಿರಲಿ, ಆದರೆ ಹೊಸಿಲಲ್ಲಿ ಯಾರೂ ಎಡವದಂತೆ ಇಳಿಜಾರು ಕೊಡಿ. ಗೋಡೆ ಮತ್ತು ನೆಲ ಸೇರುವಲ್ಲಿ ಮೂಲೆಯನ್ನು ಗುಂಡಗೆ ಮಾಡಿಸಿ. ಚೂಪು ಮೂಲೆಯಲ್ಲಿ ಸಿಕ್ಕಿಕೊಂಡ ಹುರುಪೆಯನ್ನು ಎಷ್ಟು ಉಜ್ಜಿದರೂ ಪೂರ್ತಿ ತೆಗೆಯಲಾಗುವುದಿಲ್ಲ. ಟೈಲ್ಸ್ ಜಾರದ ಬಗೆಯದ್ದಾಗಿರಬೇಕು, ಏಕೆಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗಿರಾಕಿಗಳು ತೋಟದಿಂದ ನೇರವಾಗಿ, ಒದ್ದೆ ಬೂಟಿನಲ್ಲಿ, ನೀರು ಸುರಿಯುವ ಕೊಡೆ ಹಿಡಿದು ಬರುತ್ತಾರೆ. ಮೋರಿಯ ಬಾಯಿಗೆ ಎತ್ತಿ ತೊಳೆಯಬಹುದಾದ ಜಾಲರಿ, ಅದರ ಕೆಳಗೆ ಹುರುಪೆ ಮತ್ತು ಕರುಳಿನ ಚೂರು ಹಿಡಿಯುವ ಬುಟ್ಟಿ, ಆಮೇಲೆ ವಾಸನೆ ಮೇಲೆ ಬಾರದಂತೆ ನೀರು ನಿಲ್ಲುವ ಬಾಗು, ಅದರಾಚೆ ಜಿಡ್ಡು ತಡೆಯುವ ತೊಟ್ಟಿ ಇರಲಿ. ಈ ನೀರನ್ನು ಹಿತ್ತಿಲ ತೋಡಿಗೆ ಬಿಡುವುದು ತಪ್ಪು. ನಮ್ಮ ಊರುಗಳ ಎಷ್ಟೋ ತೋಡುಗಳು ಕೊನೆಗೆ ಸೇರುವುದು ಕಾವೇರಿಯನ್ನೇ.

ಇನ್ನು ಐಸಿನ ವಿಷಯ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ಕೊಡಗಿನಲ್ಲಿ ಎಲ್ಲರೂ ಮಾಡುವ ತಪ್ಪು ಇಲ್ಲಿದೆ. ಮಡಿಕೇರಿಯಲ್ಲಿ ಡಿಸೆಂಬರಿನ ಬೆಳಿಗ್ಗೆ ಕೈ ಮರಗಟ್ಟುವಷ್ಟು ಚಳಿಯಿದ್ದಾಗ, ಇಷ್ಟು ತಣ್ಣಗಿರುವಾಗ ಐಸ್ ಏಕೆ ಎಂದು ಕೇಳುವವರಿದ್ದಾರೆ. ಮೀನು ಕೆಡುವ ವೇಗ 0 ಡಿಗ್ರಿಯಲ್ಲಿ ಇರುವುದಕ್ಕಿಂತ 5 ಡಿಗ್ರಿಯಲ್ಲಿ ಎರಡು ಪಟ್ಟಿಗೂ ಹೆಚ್ಚು, 10 ಡಿಗ್ರಿಯಲ್ಲಿ ಸುಮಾರು ನಾಲ್ಕು ಪಟ್ಟು. ನಮಗೆ ಚಳಿಯೆನ್ನಿಸುವ 15 ಡಿಗ್ರಿಯಲ್ಲಿ ಅದು ಆರು ಪಟ್ಟು ದಾಟುತ್ತದೆ. ಹಾಲಿನ ಪೊಟ್ಟಣ ಇಡುವ ಗಾಜಿನ ಫ್ರಿಜ್ಜಿನಲ್ಲಿ ಮೀನು ಇಡುವುದೂ ಸರಿಯಲ್ಲ. ಅಲ್ಲಿ ಉಷ್ಣತೆ 4–5 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಜೊತೆಗೆ ಒಳಗಿನ ಫ್ಯಾನಿನ ಗಾಳಿ ಮೀನಿನ ಮೈಯನ್ನು ಒಣಗಿಸಿ ಸುಕ್ಕಾಗಿಸುತ್ತದೆ. ಕರಗುತ್ತಿರುವ ಐಸು ಮೀನನ್ನು 0 ಡಿಗ್ರಿಯ ಹತ್ತಿರವೇ ಹಿಡಿದಿಡುತ್ತದೆ, ಮೈಯನ್ನು ತೊಳೆಯುತ್ತಲೇ ಇರುತ್ತದೆ, ಕರೆಂಟು ಹೋದರೂ ತನ್ನ ಕೆಲಸ ನಿಲ್ಲಿಸುವುದಿಲ್ಲ. ಒಂದು ಕಿಲೋ ಐಸು ಕರಗುವಾಗ ಹೀರಿಕೊಳ್ಳುವ ಶಾಖವು ಒಂದು ಕಿಲೋ ನೀರನ್ನು 0ಯಿಂದ 80 ಡಿಗ್ರಿಗೆ ಕಾಯಿಸಲು ಬೇಕಾಗುವಷ್ಟು ಎಂದರೆ ಅದರ ಶಕ್ತಿ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ವಿದ್ಯುತ್ ಇಲ್ಲದಿರುವ ಜಿಲ್ಲೆಯಲ್ಲಿ ಇದಕ್ಕಿಂತ ನಂಬಿಕೆಯ ವ್ಯವಸ್ಥೆ ಇಲ್ಲ.

ತೂಕಕ್ಕೆ ತೂಕ ಎಂಬುದು ಐಸಿನ ಲೆಕ್ಕ: 50 ಕಿಲೋ ಮೀನಿಗೆ 50 ಕಿಲೋ ಐಸ್. ಅದನ್ನು ಕುಡಿಯುವ ನೀರಿನಿಂದಲೇ ಮಾಡಿರಬೇಕು. ದೊಡ್ಡ ಗಡ್ಡೆಯನ್ನು ಒಡೆದ ಚೂಪು ಚೂರುಗಳು ಮೀನಿನ ಮೈಗೆ ಗಾಯ ಮಾಡುತ್ತವೆ, ಮತ್ತು ಚೂರುಗಳ ನಡುವೆ ಗಾಳಿ ಉಳಿದು ತಂಪು ಸರಿಯಾಗಿ ತಾಗುವುದಿಲ್ಲ. ಆದ್ದರಿಂದ ನುಣ್ಣಗೆ ಪುಡಿ ಮಾಡಿ ಹಾಕಿ. ಬಂಗುಡೆ, ಬೂತಾಯಿ, ಕೇದರ ಈ ಮೀನುಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಇವು ಬೆಚ್ಚಗಾದರೆ ಮಾಂಸದಲ್ಲಿ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ, ತಿಂದವರಿಗೆ ಮೈ ಕೆಂಪಾಗಿ ತುರಿಕೆ, ತಲೆನೋವು ಬರುತ್ತದೆ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಬೇಯಿಸಿದರೂ ಹೋಗದು, ಫ್ರೀಜರಿನಲ್ಲಿಟ್ಟರೂ ಹೋಗದು. ಕೊಡಗಿನಲ್ಲಿ ಅತಿ ಹೆಚ್ಚು ಮನೆಗಳಿಗೆ ಹೋಗುವುದು ಬಂಗುಡೆ ಮತ್ತು ಬೂತಾಯಿಯೇ ಆದ್ದರಿಂದ, ಅಗ್ಗದ ಮೀನೆಂದು ಅವುಗಳಿಗೆ ಐಸ್ ಕಡಿಮೆ ಹಾಕುವ ರೂಢಿಯನ್ನು ಬಿಡಲೇಬೇಕು.

ಮೀನು ಹರಡುವ ಕಟ್ಟೆಯನ್ನು ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿಸಿ. ಸಾಮಾನ್ಯವಾಗಿ ಸಿಗುವ 304 ದರ್ಜೆಯ ಉಕ್ಕು ಉಪ್ಪುನೀರಿಗೆ ಕಾಲಾನಂತರ ಸಣ್ಣ ಗುಳಿ ಬೀಳುತ್ತದೆ. 316 ದರ್ಜೆಯದು ಬೆಲೆ ಹೆಚ್ಚಾದರೂ ಮಾಲಿಬ್ಡಿನಮ್ ಇರುವುದರಿಂದ ಉಪ್ಪನ್ನು ಚೆನ್ನಾಗಿ ತಡೆಯುತ್ತದೆ. ಹಣ ಸಾಲದಿದ್ದರೆ ಮೇಲಿನ ತಟ್ಟೆಗೆ ಮಾತ್ರ 316 ಹಾಕಿಸಿ, ಕಾಲು ಮತ್ತು ಚೌಕಟ್ಟಿಗೆ 304 ಸಾಕು. ತಟ್ಟೆ ಗಿರಾಕಿಯ ಕಡೆಗೆ ಸ್ವಲ್ಪ ಬಾಗಿರಬೇಕು, ನೀರು ಮಾತ್ರ ತೂತುಗಳ ಮೂಲಕ ಕೆಳಗಿನ ಕೊಳವೆಗೆ ಇಳಿದು ಮೋರಿಗೆ ಹೋಗಬೇಕು. ಇಡೀ ಮೀನನ್ನು ಐಸಿನಲ್ಲಿ ಅರ್ಧ ಹೂತಿಡಿ. ಹೊಟ್ಟೆ ಸೀಳಿದ ಮೀನಾದರೆ ಹೊಟ್ಟೆ ಕೆಳಮುಖವಾಗಿರಲಿ, ಇಲ್ಲವಾದರೆ ಅದರೊಳಗೆ ನೀರು ನಿಂತು ಮಾಂಸ ಬಿಳಿಚಿಕೊಳ್ಳುತ್ತದೆ. ಕತ್ತರಿಸಿದ ತುಂಡುಗಳನ್ನು ಐಸಿಗೆ ನೇರ ತಾಗಿಸದೆ, ಐಸಿನ ಮೇಲಿಟ್ಟ ತಟ್ಟೆಯಲ್ಲಿಡಿ. ಕತ್ತರಿಸುವ ಜಾಗ ಗಿರಾಕಿಗೆ ಕಾಣುವಂತಿರಲಿ, ಆದರೆ ನೀರು ಸಿಡಿಯದಷ್ಟು ಹಿಂದಿರಲಿ. ಕೈ ತೊಳೆಯುವ ತೊಟ್ಟಿ ಮತ್ತು ಮೀನು ತೊಳೆಯುವ ತೊಟ್ಟಿ ಬೇರೆಬೇರೆ ಇರಬೇಕು. ಕತ್ತಿ ಬಳಸಿ ಕೆಲಸ ಮಾಡುವವರಿಗೆ ಸೊಂಟ ಬಗ್ಗದ ಎತ್ತರ ಬೇಕು. ಮೆಟ್ಟುಕತ್ತಿಯಲ್ಲಿ ಪಳಗಿದವರಿದ್ದರೆ ಅವರನ್ನು ಒದ್ದೆ ನೆಲದಲ್ಲಿ ಕೂರಿಸದೆ ಒಂದು ಎತ್ತರದ ಜಗಲಿ ಕಟ್ಟಿಸಿಕೊಡಿ.

ಪೊಟ್ಟಣದ ಮೀನು ನಮ್ಮಲ್ಲಿ ಏಕೆ ಹೊಂದುವುದಿಲ್ಲ ಎಂಬುದನ್ನು ಒಂದು ಭಾನುವಾರದ ದೃಶ್ಯದಿಂದ ಹೇಳುತ್ತೇನೆ. ಕೂಲಿ ಬಟವಾಡೆಯ ಮಾರನೆಯ ದಿನ, ತೋಟದ ಕಾರ್ಮಿಕರ ಲೈನ್ ಮನೆಯಿಂದ ಬಂದ ಹಿರಿಯ ಹೆಂಗಸೊಬ್ಬರು ಕಟ್ಟೆಯ ಮುಂದೆ ನಿಂತರು. ಬೆಲೆ ಕೇಳಲಿಲ್ಲ. ಒಂದು ಬಂಗುಡೆಯನ್ನು ಎತ್ತಿ, ಹೆಬ್ಬೆರಳಿನಿಂದ ಕಿವಿರಿನ ಮುಚ್ಚಳ ಸರಿಸಿ ಒಳಗಿನ ಕೆಂಪನ್ನು ನೋಡಿದರು, ಬೆನ್ನಿನ ಮೇಲೆ ಬೆರಳೊತ್ತಿ ಬಿಟ್ಟು ಗುಳಿ ಮೇಲೇಳುತ್ತದೆಯೇ ಎಂದು ಕಾದರು, ಮೂಗಿನ ಹತ್ತಿರ ಹಿಡಿದರು, ಆಮೇಲೆ, "ಇದು ಇವತ್ತಿನದಾ, ನಿನ್ನೆದಾ ಮಗಾ?" ಎಂದು ಕೇಳಿದರು. ಉತ್ತರ ಅವರಿಗೆ ಆಗಲೇ ಗೊತ್ತಿತ್ತು. ನಾನು ನಿಜ ಹೇಳುತ್ತೇನೆಯೇ ಎಂಬುದಷ್ಟೇ ಅವರಿಗೆ ಬೇಕಿತ್ತು. ನಿನ್ನೆಯದೆಂದೆ. ಹುರಿಯುವುದಕ್ಕೆ ಬೇಡ, ಸಾರಿಗಾಗುತ್ತದೆ ಎಂದು ಒಂದು ಕಿಲೋ ತೆಗೆದುಕೊಂಡರು. ಕಣ್ಣು, ಕಿವಿರು, ಬೆನ್ನು, ವಾಸನೆ ಈ ನಾಲ್ಕೂ ಗಿರಾಕಿಯ ಕೈಯಲ್ಲಿರುವ ಪರೀಕ್ಷೆಗಳು, ಪ್ಲಾಸ್ಟಿಕ್ ಹೊದಿಕೆ ನಾಲ್ಕನ್ನೂ ಕಿತ್ತುಕೊಳ್ಳುತ್ತದೆ. ಗಿರಾಕಿ ಮುಟ್ಟಿ ನೋಡುವುದು ಶುಚಿಗೆ ಒಳ್ಳೆಯದಲ್ಲ ಎಂಬ ಮಾತೂ ಸರಿಯೇ; ಅದಕ್ಕಾಗಿ ಕಟ್ಟೆಯ ಒಂದು ತುದಿಯಲ್ಲಿ ಗಾಜಿಲ್ಲದ ಒಂದು ತಟ್ಟೆ, ಪಕ್ಕದಲ್ಲಿ ಕೈ ತೊಳೆಯುವ ನಲ್ಲಿ ಇಟ್ಟು, ನಮ್ಮ ಹುಡುಗನೇ ಮೀನೆತ್ತಿ ಕಿವಿರು ಬಿಡಿಸಿ ತೋರಿಸುವ ಕ್ರಮ ಮಾಡಿಕೊಂಡಿದ್ದೇವೆ. ಪೊಟ್ಟಣ ಮಾಡಲೇಬೇಕಾದರೆ ಹಸಿ ಮೀನಿಗೆ ಗಾಳಿ ತೆಗೆದ ಬಿಗಿ ಚೀಲವನ್ನು ಬಳಸಬೇಡಿ. ಗಾಳಿಯಿಲ್ಲದ ಕಡೆ ಬೆಳೆಯುವ ಬೊಟುಲಿನಮ್ ಬ್ಯಾಕ್ಟೀರಿಯಾದ ಒಂದು ಬಗೆ ಫ್ರಿಜ್ಜಿನ ತಂಪಿನಲ್ಲೂ, 3.3 ಡಿಗ್ರಿ ದಾಟಿದರೆ ಸಾಕು, ವಿಷ ಹುಟ್ಟಿಸಬಲ್ಲದು.

ಬೆಳಕಿಗೆ ಬಣ್ಣ ಬೆರೆಸಬಾರದು. ಕೆಂಪು ಛಾಯೆಯ ದೀಪದ ಕೆಳಗೆ ಹಳೆಯ ಕಿವಿರೂ ಕೆಂಪಾಗಿ ಕಾಣುತ್ತದೆ, ಮನೆಗೆ ಹೋಗಿ ಚೀಲ ಬಿಚ್ಚಿದಾಗ ನಿಜ ತಿಳಿಯುತ್ತದೆ. ಅಲ್ಲಿಗೆ ಆ ಗಿರಾಕಿ ಕೈತಪ್ಪಿದಂತೆ. 4000 ಕೆಲ್ವಿನ್ ಆಸುಪಾಸಿನ ಬಿಳಿ ಎಲ್‌ಇಡಿ ತೆಗೆದುಕೊಳ್ಳಿ, ಪೆಟ್ಟಿಗೆಯ ಮೇಲೆ ಸಿಆರ್‌ಐ 90 ಅಥವಾ ಹೆಚ್ಚು ಎಂದು ಬರೆದಿರಬೇಕು. ವಸ್ತುವಿನ ನಿಜ ಬಣ್ಣವನ್ನು ದೀಪ ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬುದರ ಅಳತೆ ಅದು. ಹಳೆಯ ಕಾಲದ ಬಿಳಿ ಟೈಲ್ಸ್ ಗೋಡೆಯನ್ನು ಈಗಿನ ವಿನ್ಯಾಸಕಾರರು ಆಸ್ಪತ್ರೆಯಂತಿದೆಯೆಂದು ತೆಗೆಸಿ ಕಡುಬಣ್ಣ ಹಾಕಿಸುತ್ತಾರೆ. ಕಡುಬಣ್ಣದ ಮುಂದೆ ಐಸ್ ಎದ್ದು ಕಾಣುವುದು ನಿಜವಾದರೂ, ನೀರು ಸಿಡಿಯುವ ಎತ್ತರದವರೆಗೆ ಬಿಳಿಯೇ ಇರಲಿ ಎನ್ನುತ್ತೇನೆ, ಏಕೆಂದರೆ ಕೊಳೆಯನ್ನು ತೋರಿಸುವ ಗೋಡೆಯನ್ನು ಮಾತ್ರ ಜನ ತೊಳೆಯುತ್ತಾರೆ. ಬೇಕಿದ್ದರೆ ನಾಲ್ಕು ಅಡಿಯ ಮೇಲೆ ಕಡುನೀಲಿ ಬಳಿಸಿ. ಪ್ಲೈವುಡ್, ಮರದ ಪಟ್ಟಿ, ಜಿಪ್ಸಂ ಸೂರು ಇವು ನಮ್ಮ ಮಳೆಗಾಲದ ತೇವವನ್ನು ತಾಳುವುದಿಲ್ಲ. ಗೋಡೆಗೆ ಬಲೆ, ಹಳೆಯ ಹುಟ್ಟು ನೇತುಹಾಕುವ ಶೋಕಿಯೂ ಬೇಡ. ಬಲೆ ವಾಸನೆಯನ್ನು ಹಿಡಿದಿಟ್ಟುಕೊಳ್ಳುತ್ತದೆ.

ವಾಸನೆಯ ಮಾತು ಬಂದದ್ದರಿಂದ ಒಂದು ವಿಷಯ. ಸಮುದ್ರದ ಮೀನು ಹಳಸುವಾಗ ಬ್ಯಾಕ್ಟೀರಿಯಾಗಳಿಂದ ಟ್ರೈಮಿಥೈಲಮೈನ್ ಎಂಬ ಕ್ಷಾರೀಯ ವಸ್ತು ಹುಟ್ಟುತ್ತದೆ, ಹುಳಿ ತಾಗಿದಾಗ ಅದು ಆವಿಯಾಗದ ಲವಣವಾಗಿ ಮಾರ್ಪಡುತ್ತದೆ. ನಮ್ಮ ಅಜ್ಜಿಯಂದಿರು ಮೀನಿಗೆ ಕಾಚಂಪುಳಿ ಸವರುತ್ತಿದ್ದುದರ ಹಿಂದೆ ರುಚಿಯ ಜೊತೆ ಈ ಗುಣವೂ ಇತ್ತು. ಕಟ್ಟೆಯನ್ನು ಸೋಪಿನಲ್ಲಿ ತೊಳೆದು ಚೆನ್ನಾಗಿ ನೀರು ಹಾಯಿಸಿದ ಮೇಲೆ ವಿನೆಗರ್ ಬೆರೆಸಿದ ನೀರಿನಿಂದ ಒರೆಸಿದರೆ ಅದೇ ಗುಣ ಕೆಲಸ ಮಾಡುತ್ತದೆ. ಆದರೆ ಬ್ಲೀಚಿಂಗ್ ದ್ರಾವಣದೊಂದಿಗೆ ಹುಳಿಯನ್ನು ಎಂದೂ ಸೇರಿಸಬೇಡಿ, ವಿಷದ ಅನಿಲ ಏಳುತ್ತದೆ. ಗಾಜಿನ ಅಡ್ಡಗೋಡೆಯ ಈಚೆ, ಒಣ ಬದಿಯಲ್ಲಿ, ಕಾಚಂಪುಳಿ, ಕರಿಮೆಣಸು, ಪುನರ್ಪುಳಿ, ಬ್ಯಾಡಗಿ ಮೆಣಸಿನಕಾಯಿ, ಅಕ್ಕಿಹಿಟ್ಟುಗಳ ಕಪಾಟನ್ನು ಇಡಿ. ಮೀನು ಕಟ್ಟಿಸಿಕೊಂಡು ತಿರುಗಿದವರ ಕೈಗೆ ಅವು ತಾವಾಗಿ ಸಿಗುತ್ತವೆ.

ಫಲಕದ ಬರಹಕ್ಕೆ ನಮ್ಮ ಜಿಲ್ಲೆಯಲ್ಲಿ ಹೆಚ್ಚಿನ ಮಹತ್ವವಿದೆ. ಒಬ್ಬರಿಗೆ ಬೂತಾಯಿಯಾದದ್ದು ಇನ್ನೊಬ್ಬರಿಗೆ ಮತ್ತಿ, ಬಂಗುಡೆಯನ್ನು ಅಯಲ ಎನ್ನುವವರಿದ್ದಾರೆ, ಮಾಂಜಿಯನ್ನು ಆವೋಲಿ ಎನ್ನುವವರಿದ್ದಾರೆ. ಎರಡೂ ಹೆಸರು ಬರೆಯಿರಿ, ಜೊತೆಗೆ ಮೀನು ಬಂದ ದಿನ ಮತ್ತು ಬಂದ ಬಂದರು. ಬರೆಯಲು ಒರೆಸಬಹುದಾದ ಬಿಳಿ ಹಲಗೆ ಸಾಕು. 2018ರ ಜೂನ್‌ನಲ್ಲಿ ಕೇರಳದ ಗಡಿ ತಪಾಸಣೆಗಳಲ್ಲಿ ಫಾರ್ಮಾಲಿನ್ ಬೆರೆಸಿದ ಮೀನು ಸಿಕ್ಕಿಬಿದ್ದ ಮೇಲೆ ಜನರಲ್ಲಿ ಹುಟ್ಟಿದ ಅನುಮಾನ ಇನ್ನೂ ಹೋಗಿಲ್ಲ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ರೂಪಿಸಿದ ಪರೀಕ್ಷಾ ಪಟ್ಟಿಗಳಿವೆ. ಅವನ್ನು ಕಟ್ಟೆಯ ಮೇಲೇ ಇಟ್ಟು, ಕೇಳಿದವರ ಎದುರಿಗೇ ಪರೀಕ್ಷಿಸಿ ತೋರಿಸಿ. ಸಿಹಿನೀರಿನ ಮೀನಿನಲ್ಲಿ ಸಾಕಿದ ಕಾಟ್ಲಾ, ರೋಹುಗಳನ್ನು ಧಾರಾಳವಾಗಿ ಇಡಬಹುದು. ಕಾವೇರಿಯ ಡುಬ್ಬದ ಮಹಶೀರ್ ಅಳಿವಿನ ಅಂಚಿನಲ್ಲಿರುವುದರಿಂದ ಅದನ್ನು ಯಾರು ತಂದುಕೊಟ್ಟರೂ ಕಟ್ಟೆಗೆ ಏರಿಸಬೇಡಿ.

ವಿನ್ಯಾಸ ಮಾಡುವವರು ಹೆಚ್ಚಾಗಿ ಮರೆಯುವ ಸಂಗತಿ ಋತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ನಾಡದೋಣಿಯವರ ಮೀನು ಅಷ್ಟಿಷ್ಟು ಬರುತ್ತದೆ. ಅದೇ ದಿನಗಳಲ್ಲಿ ಸಂಪಾಜೆ ಘಾಟಿಯೂ ಮಾಕುಟ್ಟದ ರಸ್ತೆಯೂ ಕೈಕೊಡಬಹುದು. 2018ರ ಮಳೆಗಾಲದಲ್ಲಿ ಎರಡೂ ಕುಸಿದು ಮುಚ್ಚಿದ್ದನ್ನು ನಾವೆಲ್ಲ ಕಂಡಿದ್ದೇವೆ. ಆದ್ದರಿಂದ ಕಟ್ಟೆಯನ್ನು ಎರಡು ಭಾಗವಾಗಿ ಮಾಡಿಸಿ, ಒಂದು ಭಾಗದ ಮೇಲೆ ಮುಚ್ಚಳವಿರುವ ಗಾಜಿನ ಪೆಟ್ಟಿಗೆ ಕೂರುವಂತಿರಲಿ. ಕಕ್ಕಡ, ಅಂದರೆ ಆಟಿ ಮಾಸದಲ್ಲಿ ಅದು ಒಣಮೀನಿನ ಪೆಟ್ಟಿಗೆಯಾಗುತ್ತದೆ. ಮುಚ್ಚಳ ಏಕೆಂದರೆ ಗಾಳಿಯ ತೇವಾಂಶ ಶೇಕಡಾ 75 ದಾಟಿದಾಗ ಉಪ್ಪು ನೀರೆಳೆಯತೊಡಗುತ್ತದೆ, ನಮ್ಮ ಆಟಿಯ ದಿನಗಳಲ್ಲಿ ಅದು ಬಹುಪಾಲು ಅದಕ್ಕಿಂತ ಮೇಲೆಯೇ ಇರುತ್ತದೆ. ತೆರೆದಿಟ್ಟ ಒಣಮೀನು ವಾರದೊಳಗೆ ಮೆತ್ತಗಾಗಿ ಬೂಷ್ಟು ಹಿಡಿಯುತ್ತದೆ. ಹಿಂದೆ ಅದನ್ನು ಒಲೆಯ ಮೇಲಿನ ಅಟ್ಟದಲ್ಲಿಡುತ್ತಿದ್ದುದು ಇದೇ ಕಾರಣಕ್ಕೆ. ಪೆಟ್ಟಿಗೆಯ ತಳದಲ್ಲಿ ತೇವ ಹೀರುವ ಸಿಲಿಕಾ ಚೀಲಗಳನ್ನಿಟ್ಟು ಆಗಾಗ ಒಣಗಿಸಿ ಬಳಸಿ. ಹೆಪ್ಪುಗಟ್ಟಿಸಿದ ಮೀನಿಗೆ ಮೈನಸ್ 18 ಡಿಗ್ರಿಯ ಫ್ರೀಜರ್ ಬೇಕು. ಅದನ್ನು ತುಂಬಿಸಿಟ್ಟು ಬಾಗಿಲು ತೆರೆಯದಿದ್ದರೆ ಕರೆಂಟಿಲ್ಲದೆಯೂ ಸುಮಾರು 48 ಗಂಟೆ ತಡೆಯುತ್ತದೆ, ಅರ್ಧ ತುಂಬಿದ್ದರೆ 24 ಗಂಟೆ ಮಾತ್ರ.

ಕರುಳು, ತಲೆ, ಹುರುಪೆಗಳಿಗೆ ಬಿಗಿ ಮುಚ್ಚಳದ ಡ್ರಮ್ಮು ಹೊರಗಿರಲಿ, ಸಂಜೆಯೊಳಗೆ ಅದು ಖಾಲಿಯಾಗಬೇಕು. ಸಮಾನ ತೂಕದ ಬೆಲ್ಲ ಸೇರಿಸಿ ಕೊಳೆಸಿ, ನೀರಿಗೆ ಬೆರೆಸಿ ಗಿಡಗಳಿಗೆ ಕೊಡುವ ಬೆಳೆಗಾರರಿದ್ದಾರೆ. ಅಂಥವರೊಂದಿಗೆ ಮೊದಲೇ ಮಾತಾಡಿಕೊಳ್ಳಿ. ಆಹಾರ ಸುರಕ್ಷತಾ ಪರವಾನಗಿಯಲ್ಲಿ ಮೀನಿನ ಮಾರಾಟವೂ ಸೇರಿದೆಯೇ ಎಂದು ನೋಡಿಕೊಳ್ಳಿ, ದಿನಸಿಗೆಂದು ಪಡೆದದ್ದರಲ್ಲಿ ಅದು ಇಲ್ಲದಿರಬಹುದು.

ಎಲ್ಲ ಸಿದ್ಧವಾದ ಮೇಲೆ ಮೀನು ತರಿಸುವ ಮೊದಲು ಮೂರು ದಿನ ಬರೀ ಐಸಿನಲ್ಲಿ ಅಂಗಡಿ ನಡೆಸಿ. ಬೆಳಿಗ್ಗೆ ಆರಕ್ಕೆ ಕಟ್ಟೆಗೆ ಐಸ್ ತುಂಬಿ, ನಾಲ್ಕು ಮೂಲೆ ಮತ್ತು ನಡುವಿನಲ್ಲಿ ಉಷ್ಣಮಾಪಕ ಚುಚ್ಚಿ, ಮಧ್ಯಾಹ್ನ ಮತ್ತು ಸಂಜೆ ಓದಿ ಬರೆದಿಡಿ. ನೆಲಕ್ಕೆ ಹತ್ತು ಕೊಡ ನೀರು ಸುರಿದು, ಎಲ್ಲಿ ನಿಲ್ಲುತ್ತದೆಂದು ಸೀಮೆಸುಣ್ಣದಿಂದ ಗುರುತು ಮಾಡಿ, ಮೇಸ್ತ್ರಿಯ ಲೆಕ್ಕ ಚುಕ್ತಾ ಮಾಡುವ ಮೊದಲೇ ಅವರನ್ನು ಕರೆಸಿ ತೋರಿಸಿ. ಮನೆಯ ಹಿರಿಯರೊಬ್ಬರನ್ನು ಕಟ್ಟೆಯ ಮುಂದೆ ನಿಲ್ಲಿಸಿ, ಫಲಕ ಓದಲು ಬರುತ್ತದೆಯೇ, ತಟ್ಟೆ ಕೈಗೆ ಎಟುಕುತ್ತದೆಯೇ, ನೆಲ ಜಾರುತ್ತದೆಯೇ ಎಂದು ಕೇಳಿ. ಮೂರನೆಯ ರಾತ್ರಿ ಅಂಗಡಿ ಮುಚ್ಚಿ, ಬೆಳಿಗ್ಗೆ ಬಾಗಿಲು ತೆರೆದಾಗ ನೆಲ ಒಣಗಿದ್ದು ಬೇಳೆಯ ಕಪಾಟಿನ ಕಾಲಿನ ಬಳಿ ಪಸೆಯಿಲ್ಲದಿದ್ದರೆ, ಆ ದಿನವೇ ಮೀನಿನ ಗಾಡಿಯವರಿಗೆ ಫೋನು ಮಾಡಬಹುದು.